ಹಿಗ್ಗಿದ ಸರಳು

ಕಾದ ಕುಲುಮೆಯೊಳಗೆ ಉಕ್ಕಿನ ಸರಳೊಂದನ್ನು ಪರೀಕ್ಷೆಗೆಂದು ತೂಗುಹಾಕಿದ್ದರು. ಕೆಳಗಿನಿಂದ ತೂಕದ ಗುಂಡು ಅದನ್ನು ಜಗ್ಗುತ್ತಿತ್ತು, ಜೊತೆಗೆ ಚಕ್ರವೊಂದು ತಿರುಚುತ್ತಿತ್ತು. ದಿನಕ್ಕೊಂದು ಕೂದಲೆಳೆಯಷ್ಟು ಉದ್ದವಾಗುತ್ತಿದ್ದ ಸರಳಿಗೆ ಹಿಗ್ಗೋ ಹಿಗ್ಗು.

“ನೋಡಿದೆಯಾ, ಈ ವಯಸ್ಸಿನಲ್ಲೂ ಬೆಳೆಯುತ್ತಿದ್ದೇನೆ” ಎಂದು ಅದು ತನ್ನ ಉದ್ದವನ್ನು ತೋರಿಸುತ್ತಿದ್ದ ಅಳತೆಯ ಮುಳ್ಳಿಗೆ ಹೇಳಿತು.

“ನೀನು ಬೆಳೆಯುತ್ತಿಲ್ಲ ಸರಳಣ್ಣ, ನಿನ್ನನ್ನು ಎಳೆಯುತ್ತಿದ್ದಾರೆ” ಎಂದಿತು ಮುಳ್ಳು. “ಸೊಂಟ ಆಗಲೇ ಸಣ್ಣಗಾಗಿದೆ. ಸಾಕೆಂದು ಒಮ್ಮೆ ಕಿರುಗುಟ್ಟು, ಇಳಿಸುತ್ತಾರೆ. ಇಲ್ಲದಿದ್ದರೆ ಮುರಿಯುತ್ತೀಯ.”

“ಸೊಂಟವೂ ಸಣ್ಣಗಾಯಿತೇ? ಭೇಷ್. ಗುಂಡಣ್ಣ, ಇನ್ನೊಂದಿಷ್ಟು ಜಗ್ಗಪ್ಪ.”

ಗುಂಡು ಜಗ್ಗಿತು. ಸರಳು ಫಟ್ಟನೆ ಎರಡು ತುಂಡಾಯಿತು.

ಕೆಳಗೆ ಬಿದ್ದ ತುಂಡು ಸಾವರಿಸಿಕೊಂಡು, ಮೇಲೆ ನೇತಾಡುತ್ತಿದ್ದ ತುಂಡನ್ನು ಕೇಳಿತು: “ತಮ್ಮಾ, ನಮ್ಮಿಬ್ಬರಲ್ಲಿ ಉದ್ದ ಯಾರು?”