ಒಂದು ಪಾಯಿಂಟ್ ಏಳರ ರಾಕರ್

"ಗುರುಗಳೇ, ನಾನು ಒಬ್ಬರನ್ನು ಎಲ್ಲರೆದುರು ಕ್ಷಮಿಸಿದೆ. ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ. ಏಕೆ?" ಎಂದು ಶಿಷ್ಯ ಶಾಂತಮಲ್ಲ ಕೇಳಿದ.

ಶಾಂತಮಲ್ಲ ಮಠದ ಉಗ್ರಾಣ ನೋಡಿಕೊಳ್ಳುವವನು. ಅಡುಗೆಗೆ ಬೇಳೆ, ಹಿಟ್ಟು, ಎಣ್ಣೆ ತೆಗೆದುಕೊಡುವುದು ಅವನ ಕೆಲಸ; ಅಡುಗೆಯವರು ಅವನ ಕೈಕೆಳಗಿನವರು. ಹಿಂದಿನ ವಾರ ಮಠದಲ್ಲಿ ಉಂಡ ಕೆಲವರು ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದ್ದರು. ಬೇಯಿಸಿದವನು ನಾನು, ತಪ್ಪು ನನ್ನದೇ ಎಂದು ಅಡುಗೆಯ ಪುಟ್ಟಮಾದಪ್ಪ ಶಾಂತಮಲ್ಲನ ಮುಂದೆ ಕೈಮುಗಿದಿದ್ದ. ಶಾಂತಮಲ್ಲ ಅವನ ಹೆಗಲ ಮೇಲೆ ಕೈಯಿಟ್ಟು ಕ್ಷಮಿಸಿದ್ದೇನೆ ಎಂದಿದ್ದ. ಎಂಥ ದೊಡ್ಡ ಮನಸ್ಸು ಎಂದು ನೋಡಿದವರು ಹೊಗಳಿದ್ದರು.

ಗುರುಗಳು ಉತ್ತರಕ್ಕೆ ಒಂದು ಕತೆ ತೆಗೆದರು. ಅವರ ಕತೆಗಳಲ್ಲಿ ರಾಜರೂ ಋಷಿಗಳೂ ಬರುವುದು ಅಪರೂಪ. ಗಿರಣಿಯವನು, ದರ್ಜಿ, ಬಸ್ ಕಂಡಕ್ಟರ್ ಇಂಥವರೇ ಬರುತ್ತಾರೆ. ಅಂದು ಬಂದವನು ಒಬ್ಬ ಮೆಕ್ಯಾನಿಕ್. ಗುರುಗಳು ಹೇಳತೊಡಗಿದರು.

ಬೆಟ್ಟದ ಬುಡದ ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹಳೆಯ ಜೀಪುಗಳ ಎಂಜಿನ್ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ಎಲ್ಲರೂ ಅವನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಆ ಮರ್ಯಾದೆ ಅವನಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಯಾರಾದರೂ ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಲೂ ಇರಲಿಲ್ಲ.

ಒಂದು ದಿನ ಅವನ ಬಳಿಗೆ ಒಬ್ಬ ಡ್ರೈವರ್ ಬಂದ. ಬೆಟ್ಟದ ಮೇಲಿನ ಹಳ್ಳಿಗಳ ಜನರನ್ನು ಪೇಟೆಗೆ ಕರೆತಂದು ಮತ್ತೆ ಊರು ಮುಟ್ಟಿಸುವುದು ಅವನ ಕೆಲಸ. ಜನ ತುಂಬಿದಾಗ ಜೀಪು ಕೊನೆಯ ಏರಿನಲ್ಲಿ ಏದುಸಿರು ಬಿಡುತ್ತದೆ, ಒಂದು ಚೂರು ಪಿಕಪ್ ಹೆಚ್ಚಿಸಿಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚೇನೂ ಬೇಡ ಎಂದು ಕೇಳಿಕೊಂಡ.

ರಾಕರ್ ಬದಲಿಸಿದರೆ ಆಯಿತು ಎಂದ ಉಸ್ತಾದ್. ರಾಕರ್ ಎಂದರೆ ಎಂಜಿನ್ನಿನ ತಲೆಯ ಮೇಲೆ ಕೂತಿರುವ ಒಂದು ಪುಟ್ಟ ಏತ. ಅದರ ಒಂದು ತುದಿಯನ್ನು ಕೆಳಗಿನಿಂದ ಸಲಾಕೆ ಎತ್ತುತ್ತದೆ, ಇನ್ನೊಂದು ತುದಿ ಎಂಜಿನ್ನಿಗೆ ಗಾಳಿ ಬಿಡುವ ವಾಲ್ವನ್ನು ಒತ್ತಿ ತೆರೆಯುತ್ತದೆ. ಜೀಪಿನಲ್ಲಿ ಮೊದಲಿನಿಂದ ಇದ್ದದ್ದು ಒಂದೂವರೆಯ ರಾಕರ್. ಇತ್ತ ಒಂದು ಪಾಲು ಎತ್ತಿದರೆ ಅತ್ತ ಒಂದೂವರೆ ಪಾಲು ಒತ್ತುತ್ತದೆ. ಅದರ ಬದಲು ಒಂದು ಪಾಯಿಂಟ್ ಆರರದನ್ನು ಹಾಕಿದರೆ ವಾಲ್ವ್ ಇನ್ನೊಂದಿಷ್ಟು ತೆರೆದುಕೊಳ್ಳುತ್ತದೆ, ಎಂಜಿನ್ ಇನ್ನೊಂದಿಷ್ಟು ಉಸಿರೆಳೆಯುತ್ತದೆ. ದಿನವೂ ರಸ್ತೆಯಲ್ಲಿ ದುಡಿಯುವ ಗಾಡಿಗೆ ಅಷ್ಟು ಸಾಕು. ಇದು ಉಸ್ತಾದನಿಗೆ ಚೆನ್ನಾಗಿ ಗೊತ್ತಿತ್ತು. ಡ್ರೈವರಿಗೂ ಹಾಗೆಯೇ ಹೇಳಿದ.

ಗ್ಯಾರೇಜಿನ ಬೆಂಚಿನ ಮೇಲೆ ಯಾವಾಗಲೂ ನಾಲ್ಕು ಜನ ಕೂತಿರುತ್ತಿದ್ದರು. ಕೆಲಸವಿದ್ದು ಬಂದವರಲ್ಲ, ಹೊತ್ತು ಹೋಗದೆ ಬಂದವರು. ಅವರಲ್ಲೊಬ್ಬ, ಪಟ್ಟಣದಲ್ಲಿ ಈಗ ಒಂದು ಪಾಯಿಂಟ್ ಏಳನ್ನೇ ಹಾಕುತ್ತಾರಂತೆ, ನಮ್ಮ ಉಸ್ತಾದರು ಇನ್ನೂ ಅಜ್ಜನ ಕಾಲದಲ್ಲೇ ಇದ್ದಾರೆ ಎಂದು ನಕ್ಕ. ಉಳಿದವರೂ ನಕ್ಕರು. ತಮಾಷೆಯ ಮಾತು, ಅಲ್ಲಿಗೇ ಬಿಡಬಹುದಿತ್ತು. ಆದರೆ ಉಸ್ತಾದನ ಮುಖ ಕೆಂಪಾಯಿತು. ಒಂದು ಪಾಯಿಂಟ್ ಏಳನ್ನೇ ತರಿಸಿ ಹಾಕುತ್ತೇನೆ ಎಂದುಬಿಟ್ಟ.

ಹಾಗೆ ಹಾಕುವುದಕ್ಕೂ ಒಂದು ಕ್ರಮವಿದೆ. ವಾಲ್ವ್ ಹೆಚ್ಚು ಕೆಳಗಿಳಿದರೆ ಮೇಲಕ್ಕೆ ಬರುವ ಪಿಸ್ಟನ್ನಿಗೆ ತಾಗಬಹುದು. ಸ್ಪ್ರಿಂಗು ಹಳೆಯದಾಗಿದ್ದರೆ ಅದು ವಾಲ್ವನ್ನು ಹೊತ್ತಿಗೆ ಸರಿಯಾಗಿ ಹಿಂದೆಳೆಯುವುದಿಲ್ಲ. ಅದಕ್ಕೇ ಸ್ಪ್ರಿಂಗು ಬದಲಿಸಬೇಕು. ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಮೇಣ ಇಟ್ಟು, ಎಂಜಿನ್ ಕೂಡಿಸಿ, ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ, ಒತ್ತಿಹೋದ ಮೇಣ ಎಷ್ಟು ದಪ್ಪ ಉಳಿದಿದೆ ಎಂದು ನೋಡಬೇಕು. ಉಸ್ತಾದ್ ಮೇಣವನ್ನು ಕೈಗೆ ತೆಗೆದುಕೊಂಡ. ಬೆಂಚಿನವರು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಮೇಣ ಇಟ್ಟು ನೋಡುವುದು ಕಲಿಯುವವರ ಕೆಲಸ ಎಂದು ಅವರ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿದವನು ಅವನೇ. ಈಗ ಅದನ್ನೇ ಮಾಡಲು ಅವನಿಗೆ ನಾಚಿಕೆಯಾಯಿತು. ಮೇಣವನ್ನು ಪಕ್ಕಕ್ಕಿಟ್ಟು, ಹಳೆಯ ಸ್ಪ್ರಿಂಗುಗಳನ್ನು ಹಾಗೆಯೇ ಬಿಟ್ಟು, ಹೊಸ ರಾಕರ್ ಕೂರಿಸಿದ.

ಉಸ್ತಾದನೂ ಡ್ರೈವರನೂ ಜೀಪು ಹತ್ತಿ ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದರು. ಜೀಪು ಏರನ್ನು ಏರೆಂದೇ ಲೆಕ್ಕಿಸಲಿಲ್ಲ. ಆದರೆ ಎಂಜಿನ್ ಜೋರಾದಾಗಲೆಲ್ಲ ಒಳಗಿನಿಂದ ಸಣ್ಣಗೆ ಟಿಕ್ ಎಂಬ ಸದ್ದು ಬರುತ್ತಿತ್ತು. ಖುಷಿಯಲ್ಲಿದ್ದ ಡ್ರೈವರಿಗೆ ಅದು ಕೇಳಲಿಲ್ಲ. ಉಸ್ತಾದನಿಗೆ ಕೇಳಿತು. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ, ಇಂದಲ್ಲ ನಾಳೆ ಮುರಿಯುತ್ತದೆ ಎಂದು ಅವನಿಗೆ ಆಗಲೇ ತಿಳಿಯಿತು. ಇಳಿದು ಹೇಳೋಣ ಎಂದುಕೊಂಡ. ಗ್ಯಾರೇಜಿಗೆ ಮರಳಿದಾಗ ಬೆಂಚಿನವರು ಎದ್ದು ನಿಂತಿದ್ದರು. ಡ್ರೈವರ್ ಎಲ್ಲರಿಗೂ ಚಹಾ ತರಿಸಿದ. ಇನ್ನು ಧೈರ್ಯವಾಗಿ ಜನ ಕೂರಿಸಿಕೊಳ್ಳಬಹುದೇ ಎಂದು ಕೇಳಿದ.

"ಕಣ್ಮುಚ್ಕೊಂಡು ಓಡ್ಸಪ್ಪ," ಎಂದ ಉಸ್ತಾದ್.

ಹಾಗೆಂದ ಗಳಿಗೆಯಿಂದ ಅವನಿಗೆ ತನ್ನ ಮುಖ ತನಗೇ ಬೇಡವಾಯಿತು. ದಿನವೂ ಬೆಳಿಗ್ಗೆ ಡ್ರೈವರ್ ಗ್ಯಾರೇಜಿನ ಮುಂದೆ ಹಾಯುವಾಗ ಹಾರ್ನ್ ಹೊಡೆದು, ಹಣೆಗೆ ಕೈ ಹಚ್ಚಿ ನಮಸ್ಕಾರ ಮಾಡಿ ಹೋಗುತ್ತಿದ್ದ. ಜೀಪಿನ ತುಂಬ ಜನ, ಹೆಂಗಸರ ತೊಡೆಯ ಮೇಲೆ ಮಕ್ಕಳು. ಆ ಹಾರ್ನ್ ಕೇಳುವ ಹೊತ್ತಿಗೆ ಉಸ್ತಾದ್ ಯಾವುದಾದರೊಂದು ಗಾಡಿಯ ಅಡಿ ಸೇರಿಕೊಂಡಿರುತ್ತಿದ್ದ. ಇಷ್ಟು ದೊಡ್ಡ ಕೆಲಸಗಾರನಿಗೆ ಹೊಗಳಿಸಿಕೊಳ್ಳುವ ಆಸೆಯೇ ಇಲ್ಲ ನೋಡಿ ಎಂದರು ಬೆಂಚಿನವರು. ಗಾಡಿಯಡಿಯಲ್ಲಿ ಮಲಗಿ ಅದನ್ನು ಕೇಳಿದ ಉಸ್ತಾದನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಕೊನೆಗೆ ಒಂದು ಉಪಾಯ ಹೂಡಿದ. ರಸ್ತೆಗೆ ಬಂದು ಜೀಪನ್ನು ತಡೆದು, ಗಾಡಿಯನ್ನು ಒಂದು ದಿನ ಬಿಟ್ಟು ಹೋಗು, ಸುಮ್ಮನೆ ಒಮ್ಮೆ ನೋಡಿಕೊಡುತ್ತೇನೆ ಎಂದ. ಯಾರಿಗೂ ತಿಳಿಯದ ಹಾಗೆ ಹಳೆಯ ರಾಕರನ್ನೇ ಮತ್ತೆ ಕೂರಿಸಿಬಿಡುವುದು ಅವನ ಎಣಿಕೆ. ಮದುವೆಗಳ ಕಾಲ, ಉಸಿರಾಡಲು ಬಿಡುವಿಲ್ಲ, ಗಾಡಿಯಂತೂ ಚಿನ್ನದಂತಿದೆ, ಆಮೇಲೆ ತರುತ್ತೇನೆ ಎಂದು ಡ್ರೈವರ್ ನಕ್ಕು ಗೇರ್ ಹಾಕಿದ. ನನ್ನಿಂದ ತಪ್ಪಾಗಿದೆ, ಜನರನ್ನು ಇಳಿಸು ಎಂದು ಒಂದು ಮಾತು ಹೇಳಿದ್ದರೆ ಜೀಪು ಅಲ್ಲೇ ನಿಲ್ಲುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಉಸ್ತಾದ್ ಬೆಂಚಿನ ಕಡೆ ಒಮ್ಮೆ ನೋಡಿದ. ಬಂದ ಮಾತನ್ನು ನುಂಗಿಕೊಂಡ.

ಅದೇ ದಿನ ಕೊನೆಯ ಏರಿನಲ್ಲಿ ವಾಲ್ವ್ ಮುರಿಯಿತು. ಎಂಜಿನ್ ಗಕ್ಕನೆ ನಿಂತುಹೋಯಿತು. ತುಂಬಿದ ಜೀಪು ಬ್ರೇಕಿಗೂ ಬಗ್ಗದೆ ಹಿಂದಕ್ಕೆ ಜಾರತೊಡಗಿತು. ಒಂದು ಕಡೆ ಪ್ರಪಾತ. ಡ್ರೈವರ್ ಸ್ಟೀರಿಂಗ್ ತಿರುಗಿಸಿ, ತಾನು ಕೂತಿದ್ದ ಬದಿಯನ್ನೇ ಬೆಟ್ಟದ ಬಂಡೆಗೆ ಕೊಟ್ಟು ಜೀಪನ್ನು ನಿಲ್ಲಿಸಿದ. ಕೂತಿದ್ದವರು ತರಚು ಗಾಯಗಳೊಂದಿಗೆ ಪಾರಾದರು. ಡ್ರೈವರನ ಕಾಲು ಜಜ್ಜಿಹೋಯಿತು.

ಉಸ್ತಾದ್ ಆಸ್ಪತ್ರೆಗೆ ಓಡಿದ. ಈ ಸಲ ಹೇಳಿಯೇಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದ. ಅಲ್ಲಿ ಡ್ರೈವರನ ಹೆಂಡತಿ ಇದ್ದಳು, ಜೀಪಿನಲ್ಲಿದ್ದ ಜನ ಇದ್ದರು, ಬೆಂಚಿನವರೂ ಬಂದಿದ್ದರು. ಉಸ್ತಾದನನ್ನು ಕಂಡದ್ದೇ ತಡ, ಡ್ರೈವರ್ ಮಲಗಿದ್ದಲ್ಲಿಂದಲೇ ಎರಡೂ ಕೈ ಜೋಡಿಸಿದ.

"ಉಸ್ತಾದ್ರೇ, ಪಿಕಪ್ ಸಿಕ್ತು ಅಂತ ಮೈಮರ್ತು ಓಡಿಸ್ಬಿಟ್ಟೆ. ನಿಮ್ಮ ಕೈಕೆಲಸ ನಾನೇ ಹಾಳು ಮಾಡ್ದೆ. ಮನಸಲ್ಲಿ ಇಟ್ಕೋಬೇಡಿ, ಕ್ಷಮಿಸ್ಬಿಡಿ."

ಕೋಣೆಯಲ್ಲಿದ್ದವರೆಲ್ಲ ಉಸ್ತಾದನ ಮುಖ ನೋಡಿದರು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಅವನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಇರ್ಲಿ ಬಿಡಪ್ಪ. ಇನ್ಮೇಲೆ ಹುಷಾರಾಗಿ ಓಡ್ಸು."

ಡ್ರೈವರನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಉಸ್ತಾದನಿಗೆ ಕೈಮುಗಿದಳು. ಉಸ್ತಾದ್ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಬೆಂಚಿನವನೊಬ್ಬ ಪಕ್ಕದಲ್ಲಿ ಬಂದು ಕೂತು, ಬೇರೆ ಯಾರಾದರೂ ಆಗಿದ್ದರೆ ರೇಗುತ್ತಿದ್ದರು, ನೀವಾದ್ದರಿಂದ ಕ್ಷಮಿಸಿದಿರಿ ಎಂದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಾಂತಮಲ್ಲ ತಡೆಯಲಾರದೆ, ಆಮೇಲಾದರೂ ಆ ಮೆಕ್ಯಾನಿಕ್ ನಿಜ ಹೇಳಿದನೇ ಎಂದು ಕೇಳಿದ. ಗುರುಗಳು ಅವನನ್ನೇ ನೋಡುತ್ತ ಮೆಲ್ಲಗೆ ಕೇಳಿದರು:

"ಪುಟ್ಟಮಾದಪ್ಪ ಕೈಮುಗಿದು ನಿಂತಾಗ ನಿನಗೆ ಏನು ಗೊತ್ತಿತ್ತು, ಶಾಂತಮಲ್ಲ?"