ಪಥ್ಯದ ಸಾಲು

ಕಪಿಲೆಯ ದಡದಲ್ಲಿ ನಿಂಗಾಜಮ್ಮನವರ ಆಶ್ರಮ. ಆಶ್ರಮ ಅಂದ ಕೂಡಲೇ ಏನೇನೋ ಕಲ್ಪಿಸಿಕೊಳ್ಳಬೇಡಿ. ಒಂದು ಅಡುಗೆಮನೆ, ಒಂದು ಉದ್ದನೆಯ ಪಡಸಾಲೆ, ನದಿಗೆ ಇಳಿಯಲು ಒಂದಿಷ್ಟು ಮೆಟ್ಟಿಲು, ಅಷ್ಟೇ. ಅಲ್ಲಿದ್ದವರೆಲ್ಲ ಆ ಮುದುಕಿಯನ್ನು ಅವ್ವ ಅನ್ನುತ್ತಿದ್ದರು.

ಅವ್ವನ ಶಿಷ್ಯರಲ್ಲಿ ಚೆನ್ನಾಜಿ ಒಬ್ಬಳು. ಮೂವತ್ತು ದಾಟಿದ್ದ ಹೆಂಗಸು, ಕೆಲಸಕ್ಕೆ ಎಂದೂ ಹಿಂದೇಟು ಹಾಕಿದವಳಲ್ಲ. ನೀರು ತರುವುದು, ಅಂಗಳ ಗುಡಿಸುವುದು, ಸಂಜೆ ಅವ್ವನ ಎದುರು ಕೂತು ಪಾಠ ಕೇಳುವುದು. ಅದರಲ್ಲೇ ಸುಖವಾಗಿದ್ದಳು.

ಆಮೇಲೆ ಅವಳ ಮೈ ಕೈಕೊಟ್ಟಿತು.

ಏನಾಯಿತು ಅಂತ ಕೇಳಿದರೆ ಹೇಳುವುದು ಕಷ್ಟ. ತೊಂದರೆ ಇದ್ದದ್ದೇ ಅಲ್ಲಿ. ಬೆಳಿಗ್ಗೆ ಎದ್ದರೆ ಇಡೀ ದಿನ ಹೊಲದಲ್ಲಿ ದುಡಿದು ಬಂದಷ್ಟು ಸುಸ್ತು. ಅಂಗಾಲು ಉರಿ. ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ಬಿಂದಿಗೆ ನೀರು ತಂದರೆ ಮಾರನೆಯ ದಿನವೆಲ್ಲ ಹಾಸಿಗೆ.

ಹಾಗಂತ ದಿನವೂ ಹೀಗೇ ಅಂತಲೂ ಇಲ್ಲ. ನಡುವೆ ಒಂದೊಂದು ದಿನ ನೆಟ್ಟಗೆ ಓಡಾಡುತ್ತಿದ್ದಳು. ಹಾಳಾದ್ದು, ಆ ಒಳ್ಳೆಯ ದಿನಗಳೇ ಅವಳಿಗೆ ಮುಳುವಾದವು. ನಿನ್ನೆ ನಗುನಗುತ್ತಾ ಇದ್ದವಳಿಗೆ ಇವತ್ತೇನು ಬಂತು ಅಂತ ಜನ ಕೇಳದೆ ಬಿಡುತ್ತಾರೆಯೇ?

ಮೊದಲು ಅವಳು ಹೋದದ್ದು ಅವ್ವನ ಹತ್ತಿರವೇ. ಮೈ ಸರಿಯಿಲ್ಲ ಅಂದಳು. ಅವ್ವ ಕಣ್ಣು ಮುಚ್ಚಿ ಕೂತಿದ್ದರು.

"ಮೈಯನ್ನೇ ನಾನು ಅಂದ್ಕೊಂಡ್ರೆ ಹೀಗೇ" ಅಂದರು. ಕಣ್ಣು ತೆರೆಯಲಿಲ್ಲ.

ಚೆನ್ನಾಜಿ ಕೈ ಮುಗಿದು ಎದ್ದು ಬಂದಳು. ಗುರುವಿನ ಮಾತು, ಸುಳ್ಳು ಅನ್ನುವ ಹಾಗಿಲ್ಲ. ಆದರೆ ಅಂಗಾಲಿನ ಉರಿ ಹಾಗೇ ಇತ್ತು.

ಊರಿನ ವೈದ್ಯರು ನಾಡಿ ಹಿಡಿದು ಉಷ್ಣ ಅಂದರು, ಪುಡಿ ಕೊಟ್ಟರು. ಪಟ್ಟಣದ ಡಾಕ್ಟರು ರಕ್ತ ತೆಗೆಸಿ ಎಲ್ಲ ಚೆನ್ನಾಗಿದೆ ಅಂದರು. ಅವರಿಗಿಂತ ದೊಡ್ಡ ಡಾಕ್ಟರು ಸ್ಕ್ಯಾನ್ ಮಾಡಿಸಿ ಎಲ್ಲ ಚೆನ್ನಾಗಿದೆ ಅಂದರು. ಇನ್ನೊಬ್ಬರು ಮುಖ ಕೂಡ ನೋಡದೆ, ಮದುವೆ ಆಗಿದೆಯಾ, ಯೋಚನೆ ಜಾಸ್ತಿ ಮಾಡ್ತೀರಾ ಅಂತ ಕೇಳಿ ನಿದ್ದೆಗೆ ಮಾತ್ರೆ ಬರೆದರು.

ಎಲ್ಲ ಚೆನ್ನಾಗಿದೆ ಅಂತ ಕೇಳಿದರೆ ಬೇರೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಚೆನ್ನಾಜಿ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತಳು. ಏನಾದರೂ ಒಂದು ಸಿಕ್ಕಿದ್ದರೆ ಸಾಕಾಗಿತ್ತು, ಕೆಟ್ಟದ್ದೇ ಆಗಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಈಗ ಆ ಆಶ್ರಮದ ಒಂದು ಪದ್ಧತಿ ಹೇಳಬೇಕು.

ಪಡಸಾಲೆಯಲ್ಲಿ ಊಟಕ್ಕೆ ಎರಡು ಸಾಲು. ನಡುವೆ ದೊಡ್ಡ ಸಾಲು. ಗೋಡೆಯ ಬದಿಗೆ ಚಿಕ್ಕದೊಂದು ಪಥ್ಯದ ಸಾಲು, ಕಾಯಿಲೆಯವರಿಗೆ. ಅಲ್ಲಿ ಕೂರುವ ಮುಂಚೆ ಅಡುಗೆಯ ಮುದ್ದಪ್ಪನಿಗೆ ಏನಾಗಿದೆ ಅಂತ ಹೇಳಬೇಕು. ಜ್ವರ ಅಂದರೆ ಗಂಜಿ, ಕಾಮಾಲೆ ಅಂದರೆ ಎಣ್ಣೆಯಿಲ್ಲದ ಸಪ್ಪೆ ಅಡುಗೆ, ಹೊಟ್ಟೆ ಕೆಟ್ಟಿದೆ ಅಂದರೆ ಮೆತ್ತಗಿನ ಅನ್ನ. ಆ ಸಾಲಿನಲ್ಲಿ ಕೂತವರಿಗೆ ನೀರು ಹೊರುವ ಕೆಲಸವಿಲ್ಲ, ಮಧ್ಯಾಹ್ನ ಮಲಗಿದರೆ ಯಾರೂ ಮಾತಾಡುವುದಿಲ್ಲ.

ಚೆನ್ನಾಜಿ ಒಂದು ದಿನ ಅಲ್ಲಿ ಕೂತಳು. ಮುದ್ದಪ್ಪ ಬಂದು ಏನು ಕಾಯಿಲೆ ಅಂತ ಕೇಳಿದ. ಇನ್ನೂ ಗೊತ್ತಾಗಿಲ್ಲ ಅಂದಳು. ಅವನು ಕೆಟ್ಟವನಲ್ಲ. ಸೌಟು ಹಿಡಿದು ಪಾಪ ತುಂಬಾ ಹೊತ್ತು ನಿಂತ. ಹಾಗಂದರೆ ಏನಂತ ಬೇಯಿಸಲಿ ತಾಯಿ, ಗೊತ್ತಾದ ಮೇಲೆ ಬಾ ಅಂದ.

ಅವಳು ಎಲೆ ಎತ್ತಿಕೊಂಡು ದೊಡ್ಡ ಸಾಲಿಗೆ ಬಂದಳು. ಪಕ್ಕದಲ್ಲಿದ್ದ ಗೌರಕ್ಕ ಸ್ವಲ್ಪ ಸರಿದು ಜಾಗ ಕೊಟ್ಟಳು. ಗೌರಕ್ಕ ಆಶ್ರಮದ ಹಳೆಯ ಹೆಂಗಸು, ಬಾಯಿ ಸ್ವಲ್ಪ ಜೋರು. ಹೆಸರಿಲ್ಲದ ಕಾಯಿಲೆ ಕೆಲಸದ ಹೊತ್ತಿಗೆ ಸರಿಯಾಗಿ ಬರುತ್ತೆ ನೋಡು ಅಂದಳು. ಸುತ್ತ ಇದ್ದವರು ನಕ್ಕರು. ಚೆನ್ನಾಜಿಯೂ ನಕ್ಕಳು. ನಗದೆ ಏನು ಮಾಡುತ್ತಾಳೆ?

ಕಾಯಿಲೆಗಿಂತ ಅದು ಇದೆ ಅಂತ ದಿನವೂ ಸಾಬೀತು ಮಾಡುವ ಕೆಲಸವೇ ಅವಳನ್ನು ಹಣ್ಣು ಮಾಡಿತು. ಬೆಳಿಗ್ಗೆ ಏಳಲಾಗದಿದ್ದರೆ ಮೊದಲು ನೆನಪಾಗುತ್ತಿದ್ದದ್ದು ನೋವಲ್ಲ, ಇವತ್ತು ಯಾರಿಗೆ ಏನು ಹೇಳಬೇಕು ಅನ್ನುವುದು.

ಮುಂದಿನ ಸಲ ಪಟ್ಟಣಕ್ಕೆ ಹೋದಾಗಲೂ ಡಾಕ್ಟರು ಹಳೇ ಮಾತನ್ನೇ ಹೇಳಿದರು. ಬಸ್ಸಿಳಿದು ಬರುವಾಗ ಗೌರಕ್ಕ ಬಾಗಿಲಲ್ಲೇ ನಿಂತಿದ್ದಳು. ಏನಂತೆ ಅಂದಳು.

"ವಾತವಂತೆ" ಅಂದಳು ಚೆನ್ನಾಜಿ.

ಅಷ್ಟೇ. ಒಂದು ಮಾತು. ಗೌರಕ್ಕನ ಮುಖವೇ ಬದಲಾಯಿತು. ಅಯ್ಯೋ, ನಮ್ಮಮ್ಮನಿಗೂ ಅದೇ ಇತ್ತು ಕಣೇ, ಹಿಂಡಿ ಹಾಕಿಬಿಡುತ್ತೆ ಅಂತ ಕೈಯಲ್ಲಿದ್ದ ಚೀಲ ಇಸಕೊಂಡಳು.

ಅವತ್ತು ಪಥ್ಯದ ಸಾಲಿನಲ್ಲಿ ಅವಳಿಗೆ ಜಾಗ ಸಿಕ್ಕಿತು. ಮುದ್ದಪ್ಪ ಹುರುಪಿನಿಂದ ಬೆಳ್ಳುಳ್ಳಿ ಸಾರು ಮಾಡಿ ತಂದ. ಹುಳಿಯಿಲ್ಲ, ಮೊಸರಿಲ್ಲ, ತಣ್ಣಗಿನದು ಏನೂ ಇಲ್ಲ. ಸಂಜೆ ಗೌರಕ್ಕ ಎಣ್ಣೆ ಬಿಸಿ ಮಾಡಿಕೊಂಡು ಬಂದು ಅವಳ ಕಾಲು ಉಜ್ಜಿದಳು. ದಿನವೂ ಬಂದಳು. ಯಾರೋ ತನ್ನ ಕಾಲು ಮುಟ್ಟಿ ನೋಯ್ತಿದೆಯಾ ಅಂತ ಕೇಳಿದ್ದಕ್ಕೆ ಚೆನ್ನಾಜಿ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಸುಳ್ಳಿಗೆ ಸಿಕ್ಕ ಪ್ರೀತಿ ಅಂತ ಗೊತ್ತಿತ್ತು. ಆದರೂ ಬೇಕಾಗಿತ್ತು.

ತೊಂದರೆ ಶುರುವಾದದ್ದು ಆಮೇಲೆ.

ಬಿಸಿ ಅವಳಿಗೆ ಆಗುತ್ತಿರಲಿಲ್ಲ. ಬಿಸಿ ಎಣ್ಣೆ ಬಿದ್ದರೆ ಅಂಗಾಲು ಕೆಂಡ. ಬಿಸಿನೀರಿನ ಶಾಖ ಕೊಟ್ಟ ದಿನ ತಲೆ ತಿರುಗಿ ಬಚ್ಚಲಲ್ಲೇ ಕುಸಿದಳು. ಬಿಸಿ ಬೇಡ ಅಂತ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ವಾತದವರಿಗೆ ಬಿಸಿ ಒಗ್ಗದೆ ಇರುತ್ತಾ, ಸುಮ್ನೆ ಇರೇ ಅಂದಳು ಗೌರಕ್ಕ.

ಚೆನ್ನಾಜಿ ಸುಮ್ಮನಾದಳು. ಮೊದಲು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಈಗ ಹೇಳುವ ಹಾಗೇ ಇರಲಿಲ್ಲ. ಹೇಳಿದರೆ ಹೆಸರು ಹೋಗುತ್ತೆ. ಹೆಸರು ಹೋದರೆ ಸಾಲು ಹೋಗುತ್ತೆ. ಹಾಗಾಗಿ ವಾತಕ್ಕೆ ಹೊಂದುವ ನೋವನ್ನಷ್ಟೇ ಬಾಯಿಬಿಟ್ಟು ಹೇಳುತ್ತಾ, ಮಿಕ್ಕದ್ದನ್ನು ನುಂಗುತ್ತಾ ಬಂದಳು. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟಳು. ಗೊತ್ತಾಗಿರುವ ಕಾಯಿಲೆಗೆ ಮತ್ತೆ ಮತ್ತೆ ಯಾಕೆ ಹೋಗ್ತೀಯ ಅಂತ ಕೇಳಿದರೆ ಏನು ಹೇಳುವುದು?

ದಿನದಿಂದ ದಿನಕ್ಕೆ ಸೊರಗಿದಳು. ಪಥ್ಯ ಸಾಲದು ಅಂತ ಮುದ್ದಪ್ಪ ಬೆಳ್ಳುಳ್ಳಿ ಜಾಸ್ತಿ ಹಾಕಿದ.

ಒಂದು ಮಧ್ಯಾಹ್ನ ಗೌರಕ್ಕ ಕಾಲಿಗೆ ಶಾಖ ಕೊಟ್ಟು ಹೋದಳು. ಉರಿ ತಡೆಯಲಾಗದೆ ಚೆನ್ನಾಜಿ ಗೋಡೆ ಹಿಡಿದುಕೊಂಡು ನದಿಗೆ ಬಂದಳು. ಮೆಟ್ಟಿಲ ಮೇಲೆ ಕೂತು ಎರಡೂ ಕಾಲು ನೀರಿಗೆ ಇಳಿಬಿಟ್ಟು ಕಣ್ಣು ಮುಚ್ಚಿದಳು.

ಕಣ್ಣು ತೆರೆದರೆ ಮೇಲಿನ ಮೆಟ್ಟಿಲಲ್ಲಿ ಅವ್ವ.

ವಾತದವಳು ತಣ್ಣೀರಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದಾಳೆ. ಅವ್ವ ನೋಡಿದರು.

"ಹಿತವಾಗಿದೆಯಾ?" ಅಂತ ಕೇಳಿದರು.

"ಹೂಂ ಅವ್ವ" ಅಂದಳು.

ಅವ್ವ ವಾಪಸು ಹೋದರು. ಚೆನ್ನಾಜಿ ಕಾಲನ್ನು ನೀರಿನಿಂದ ಮೇಲೆ ಎಳೆದುಕೊಂಡಳು. ಸುಳ್ಳು ಗೊತ್ತಾಯಿತು, ನಾಳೆ ಗಂಟು ಕಟ್ಟು ಅಂತಾರೆ, ಈ ಮೈ ಹೊತ್ತುಕೊಂಡು ಎಲ್ಲಿಗೆ ಹೋಗಲಿ ಅಂತ ದಿಕ್ಕು ತೋಚದೆ ಕೂತಳು.

ಮಾರನೆಯ ದಿನ ಊಟದ ಹೊತ್ತಿಗೆ ಅವ್ವ ಎಲೆ ಹಿಡಿದುಕೊಂಡು ಬಂದು ಪಥ್ಯದ ಸಾಲಿನಲ್ಲಿ, ಚೆನ್ನಾಜಿಯ ಪಕ್ಕಕ್ಕೆ ಕೂತರು.

ಮುದ್ದಪ್ಪ ಓಡಿ ಬಂದ.

"ಏನಾಯ್ತು ಅವ್ವ?"

"ಗೊತ್ತಿಲ್ಲ."

ಜ್ವರವಾ ಅಂದ. ಅಲ್ಲ ಅಂದರು. ಹೊಟ್ಟೆ ನೋವಾ ಅಂದ. ಅದೂ ಅಲ್ಲ. ಮುದ್ದಪ್ಪ ತನಗೆ ಗೊತ್ತಿದ್ದ ಕಾಯಿಲೆಯನ್ನೆಲ್ಲ ಹೇಳಿ ಮುಗಿಸಿದ. ಅವ್ವ ಎಲ್ಲದಕ್ಕೂ ಅಲ್ಲ ಅಂತ ತಲೆ ಆಡಿಸಿಬಿಟ್ಟರು.

"ಹೆಸರು ಹೇಳಲಿಲ್ಲ ಅಂತ ನನ್ನ ಎಬ್ಬಿಸ್ತೀಯಾ ಮುದ್ದಪ್ಪ?"

"ಎಲ್ಲಾದ್ರೂ ಉಂಟಾ ಅವ್ವ" ಅಂದ ಅವನು. ಬೆವರಿ ಹೋಗಿದ್ದ.

"ಮತ್ತೇನು ಮಾಡ್ತೀಯ?"

ಮುದ್ದಪ್ಪ ಸೌಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಏನು ಸೇರುತ್ತೆ ಅಂತ ಕೇಳ್ತೀನಿ" ಅಂದ.

"ಕೇಳು ಮತ್ತೆ. ಮೊದಲು ಇವಳನ್ನ ಕೇಳು."

ಅವನು ಚೆನ್ನಾಜಿಯ ಕಡೆ ತಿರುಗಿದ. ಕೇಳುವುದೇನು ಅವ್ವ, ಇವಳದ್ದು ಗೊತ್ತೇ ಇದೆಯಲ್ಲ, ವಾತ ಅಂದ.

ಅವ್ವ ಎಲೆಗೆ ನೀರು ಚಿಮುಕಿಸಿ ಒರೆಸುತ್ತಾ ಕೂತರು.

ಹೂಂ ಅಂದಿದ್ದರೆ ಮುಗಿದಿತ್ತು. ಬೆಳ್ಳುಳ್ಳಿ ಸಾರು ಬರುತ್ತಿತ್ತು, ಸಂಜೆ ಎಣ್ಣೆ ಬರುತ್ತಿತ್ತು, ಜಾಗ ಉಳಿಯುತ್ತಿತ್ತು. ಆದರೆ ಚೆನ್ನಾಜಿಗೆ ಸಾಕಾಗಿತ್ತು. ಸುಳ್ಳು ಹೊರುವುದಕ್ಕೂ ಮೈಯಲ್ಲಿ ಕಸುವು ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ.

"ವಾತ ಅಲ್ಲ" ಅಂದಳು. "ಯಾವ ಡಾಕ್ಟರೂ ಹಾಗೆ ಹೇಳಿಲ್ಲ. ನಾನೇ ಹೇಳಿದ್ದು."

ಆ ಕಡೆ ಸಾಲಿನಲ್ಲಿ ಗೌರಕ್ಕ ಕೈಯಲ್ಲಿದ್ದ ತುತ್ತು ಎಲೆಗೆ ಹಾಕಿ ಎದ್ದಳು. ಅಷ್ಟು ದಿನ ಕೂತು ಕಾಲು ಉಜ್ಜಿದವಳು. ಕೈ ಕೂಡ ತೊಳೆಯದೆ ಹೊರಗೆ ಹೋದಳು. ಅವಳದ್ದು ತಪ್ಪು ಅನ್ನಲಾಗದು, ಮೋಸ ಹೋದವರಿಗೆ ಸಿಟ್ಟು ಬರುತ್ತೆ.

ಚೆನ್ನಾಜಿ ತಲೆ ಬಗ್ಗಿಸಿದಳು. ಎಲೆ ಮಡಿಸಿ ಏಳಲು ಹೋದಳು. ಅವ್ವ ಅವಳ ಎಲೆಯ ತುದಿ ಹಿಡಿದುಕೊಂಡರು.

"ನೋವು ಸುಳ್ಳಾ?"

"ಇಲ್ಲ ಅವ್ವ. ಅದು ನಿಜ."

"ಹಾಗಾದ್ರೆ ಕೂತ್ಕೋ" ಅಂದರು. ಆಮೇಲೆ ಮುದ್ದಪ್ಪನ ಕಡೆ ನೋಡಿದರು.

ಮುದ್ದಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಏನು ಸೇರುತ್ತೆ ತಾಯಿ ಅಂತ ಕೇಳಿದ. ಇಷ್ಟು ದಿನದಲ್ಲಿ ಅವನಾಗಲಿ, ಬೇರೆ ಯಾರಾಗಲಿ, ಅವಳನ್ನು ಹಾಗೆ ಕೇಳಿರಲಿಲ್ಲ.

ಮಜ್ಜಿಗೆ ಅನ್ನ ಅಂದಳು. ತಣ್ಣಗಿನ ಮಜ್ಜಿಗೆ. ಅವನು ತಂದು ಬಡಿಸಿದ. ಅವಳು ಅಳುತ್ತಲೇ ಉಂಡಳು, ಎರಡನೆಯ ಸಲವೂ ಹಾಕಿಸಿಕೊಂಡಳು.

ಸಂಜೆ ಅವ್ವ ಅವಳನ್ನು ಮೆಟ್ಟಿಲ ಹತ್ತಿರ ಕರೆದರು. ಇಬ್ಬರೂ ಕೂತರು. ಚೆನ್ನಾಜಿ ಕಾಲಿಗೆ ಬೀಳಲು ಬಗ್ಗಿದಳು, ಅವ್ವ ಬೇಡ ಅಂದರು.

"ಅವತ್ತು ನೀನು ಬಂದಾಗ ನಾನು ಉತ್ತರ ಕೊಟ್ಟುಬಿಟ್ಟೆ. ನೀನು ಇನ್ನೂ ಹೇಳೇ ಇರ್ಲಿಲ್ಲ" ಅಂದರು. "ಈಗ ಹೇಳು."

ಚೆನ್ನಾಜಿ ಹೇಳಿದಳು. ಅಂಗಾಲಿನ ಉರಿ, ಕಣ್ಣು ಕತ್ತಲೆ, ಒಳ್ಳೆಯ ದಿನದ ಮಾರನೆಯ ದಿನ ಬಂದೆರಗುವ ಸುಸ್ತು. ವಾತಕ್ಕೆ ಹೊಂದಿದ್ದು, ಹೊಂದದ್ದು, ಎಲ್ಲ. ಒಂದಕ್ಕೊಂದು ತಾಳೆಯಾಗದ ಮಾತುಗಳು. ಅವ್ವ ಯಾವುದನ್ನೂ ತಿದ್ದಲಿಲ್ಲ. ಧ್ಯಾನ ಮಾಡು ಅನ್ನಲಿಲ್ಲ, ಕರ್ಮ ಅನ್ನಲಿಲ್ಲ, ಕಷಾಯ ಹೇಳಲಿಲ್ಲ. ಬಿಸಿ ತಾಗಿದರೆ ಎಷ್ಟು ಹೊತ್ತಿಗೆ ತಲೆ ತಿರುಗುತ್ತೆ ಅಂತ ಒಮ್ಮೆ ಕೇಳಿದರು. ಮಲಗಿದರೆ ಇಳಿಯುತ್ತಾ ಅಂತ ಕೇಳಿದರು. ಮಿಕ್ಕಂತೆ ಕೇಳಿಸಿಕೊಂಡರು.

ಹೇಳಿ ಮುಗಿಯುವ ಹೊತ್ತಿಗೆ ಚೆನ್ನಾಜಿಗೆ ಉಸಿರು ಸೋತಿತ್ತು. ಅವ್ವ ಈಗ ಏನೋ ಒಂದು ದೊಡ್ಡ ಮಾತು ಹೇಳುತ್ತಾರೆ, ಎಲ್ಲ ಬಗೆಹರಿಯುತ್ತೆ ಅಂತ ಕಾದಳು.

"ನಂಗೆ ಗೊತ್ತಾಗ್ತಿಲ್ಲ" ಅಂದರು ಅವ್ವ. "ನಾಳೆ ಪಟ್ಟಣಕ್ಕೆ ಹೋಗೋಣ."

"ಬೇಡ ಅವ್ವ. ಸೋತು ಹೋಗಿದ್ದೀನಿ. ಮತ್ತೆ ಎಲ್ಲ ಚೆನ್ನಾಗಿದೆ ಅಂತಾರೆ."

"ಅನ್ಲಿ. ಚೆನ್ನಾಗಿಲ್ಲ ಅಂತ ಹೇಳೋದಕ್ಕೆ ನಾನಿರ್ತೀನಲ್ಲ. ಇವರಿಗೆ ಗೊತ್ತಾಗದಿದ್ರೆ ಇನ್ನೊಬ್ಬರು. ದಾರೀಲಿ ನಿಂಗೆ ಕೂರಬೇಕು ಅನ್ನಿಸಿದಲ್ಲಿ ಕೂತು, ಆಮೇಲೆ ಹೋಗೋಣ."

ಚೆನ್ನಾಜಿ ನೀರಿನ ಕಡೆ ನೋಡುತ್ತಾ ಇದ್ದಳು. ಎಷ್ಟೋ ದಿನದಿಂದ ತನ್ನೊಳಗೇ ಕೇಳಿಕೊಂಡು ಬಂದಿದ್ದ ಮಾತನ್ನು ಈಗ ಬಾಯಿಬಿಟ್ಟು ಕೇಳಿದಳು.

"ಕೊನೇವರೆಗೂ ಯಾರಿಗೂ ಗೊತ್ತಾಗದೇ ಹೋದ್ರೆ?"

ಅವ್ವ ಅವಳ ಕೈಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಗೊತ್ತಿಲ್ಲದವರು ಇಬ್ಬರಾಗಿರ್ತೀವಿ. ಇಷ್ಟು ದಿನ ನೀನೊಬ್ಬಳೇ ಇದ್ದೆ."