ಅಂಚು ಕಟ್ಟದ ಕೌದಿ

“ಅಜ್ಜಾರೇ, ನಿನ್ನೆಯ ಕತೆಯನ್ನು ಕೇಳಿದವರಲ್ಲಿ ಯಾರ ಮಾತನ್ನು ನಂಬಬೇಕು?” ಎಂದು ಅಡಿವೆಪ್ಪನು ಗುರುಗಳನ್ನು ಕೇಳಿದನು.

ಹಿಂದಿನ ಸಂಜೆ ಮಠದಲ್ಲಿ ಒಂದು ಹಳೆಯ ಕತೆಯ ವಾಚನ ನಡೆದಿತ್ತು. ಮನಸ್ಸು ಕೆಟ್ಟಿತೆಂದು ಗಂಡನು ಕೋಣೆಯಲ್ಲಿ ಕೂಡಿಹಾಕಿದ ಹೆಂಗಸೊಬ್ಬಳು ತನ್ನ ಬಾಯಿಂದಲೇ ಹೇಳಿಕೊಂಡ ಕತೆ ಅದು. ಕೇಳಿದವರಲ್ಲಿ ಒಮ್ಮತ ಮೂಡಲಿಲ್ಲ. ಹುಚ್ಚಿಯ ಮಾತಿಗೆ ಪ್ರಮಾಣವೆಲ್ಲಿಯದೆಂದು ಕೆಲವರು ನಕ್ಕರು. ಗಂಡನೇ ಅವಳನ್ನು ಹುಚ್ಚಿಯಾಗಿಸಿದನೆಂದು ಕೆಲವರು ಸಿಟ್ಟಾದರು. ಅದು ಹುಚ್ಚೇ ಅಲ್ಲ, ಬಿಡುಗಡೆ ಎಂದವರೂ ಇದ್ದರು.

“ಒಬ್ಬೊಬ್ಬರೂ ತಮ್ಮ ಮನೆಯ ಸಂಗತಿಯನ್ನೇ ಕತೆಯ ಮೇಲೆ ಹೇರುತ್ತಾರೆಂದು ನನಗೆ ಅನುಮಾನ” ಎಂದನು ಅಡಿವೆಪ್ಪ.

“ಅನುಮಾನ ಒಳ್ಳೆಯದೇ. ನಿನ್ನ ಮನೆಯವಳು ವಾಚನಕ್ಕೆ ತಪ್ಪದೆ ಬರುತ್ತಿದ್ದಳು. ಈಚೆಗೆ ಕಾಣಲಿಲ್ಲವಲ್ಲ?”

“ಹೆರಿಗೆಯಾದ ಮೇಲೆ ಅವಳ ಚಿತ್ತ ನೆಟ್ಟಗಿಲ್ಲ. ವೈದ್ಯರು ಏಕಾಂತ ಹೇಳಿದ್ದಾರೆ.” ಹೀಗೆನ್ನುತ್ತ ಅವನು ಸರಿದು ಕುಳಿತನು. ಸೊಂಟದ ಬೀಗದ ಕೈ ಕಲ್ಲಿಗೆ ತಾಗಿ ಸದ್ದಾಯಿತು.

ಗುರುಗಳು ಈ ದೃಷ್ಟಾಂತವನ್ನು ಹೇಳಿದರು.

ಒಬ್ಬ ವರ್ತಕನಿದ್ದನು. ಅವನ ಹೆಂಡತಿ ಹೆತ್ತ ಮೇಲೆ ಯಾರೊಡನೆಯೂ ಮಾತಾಡದಾದಳು, ಕಾರಣವಿಲ್ಲದೆ ಅಳುವಳು. ಅವಳಿಗೆ ಕೆಲಸವೂ ಜನರೂ ಸಲ್ಲದು, ಕೂಸೂ ಸಲ್ಲದು ಎಂದು ವೈದ್ಯನು ವಿಧಿಸಿದನು. ವರ್ತಕನು ಅವಳನ್ನು ಮಹಡಿಯ ಕೋಣೆಯಲ್ಲಿರಿಸಿ ಬೀಗ ಹಾಕಿದನು. ಅವನಿಗೆ ಅವಳಲ್ಲಿ ಪ್ರೀತಿ ಇತ್ತು. ಹಾಲು ಹಣ್ಣುಗಳನ್ನು ತಪ್ಪದೆ ಕಳುಹಿಸುತ್ತಿದ್ದನು. ಅವಳು ಹಳೆಯ ಸೀರೆಯ ತುಂಡುಗಳನ್ನೂ ಸೂಜಿಯನ್ನೂ ಬೇಡಿದಳು. ಚಿಂದಿಯಿಂದ ಏನು ಕೆಟ್ಟೀತೆಂದು ವೈದ್ಯನು ಒಪ್ಪಿದನು.

ಕೆಲವು ತಿಂಗಳಾದ ಮೇಲೆ ಕೋಣೆಯಿಂದ ಆ ತುಂಡುಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಒಂದು ಕಿರಿಯ ಕೌದಿ ಹೊರಬಂದಿತು. ಕೌದಿಯ ಹೊಲಿಗೆಯನ್ನು ಅಂಚಿನಿಂದ ತೊಡಗಿ, ಸುತ್ತುತ್ತ ಬಂದು ನಡುವಿನಲ್ಲಿ ಮುಗಿಸುವುದು ಆ ಸೀಮೆಯ ಪದ್ಧತಿ. ಇವಳು ನಡುವಿನಿಂದ ತೊಡಗಿದ್ದಳು. ಹೊಲಿಗೆ ಹೊರಹೊರಗೆ ಸುತ್ತುತ್ತ ಹೋಗಿತ್ತು. ಅಂಚು ಕಟ್ಟಿರಲಿಲ್ಲ. ದಾರ ಕಡಿಯದೆ ಜೋಲುತ್ತಿತ್ತು.

ವರ್ತಕನಿಗೆ ಭಯವಾಯಿತು. ಕೌದಿಯನ್ನು ಪಡಸಾಲೆಯಲ್ಲಿ ಹಾಸಿ, ವೈದ್ಯನನ್ನೂ ಒಬ್ಬ ಪಂಡಿತನನ್ನೂ ಹೆಂಡತಿಯ ಅಣ್ಣನನ್ನೂ ಕರೆಸಿದನು. “ಇದನ್ನು ನೋಡಿ ನಿರ್ಣಯಿಸಿರಿ. ಅವಳು ಸ್ವಸ್ಥಳೆಂದು ನೀವೆಲ್ಲ ಒಪ್ಪಿದರೆ ಈ ಸಂಜೆಯೇ ಬಾಗಿಲು ತೆಗೆಯುತ್ತೇನೆ” ಎಂದನು.

“ತಿರುವುಮುರುವಾಗಿ ಹೊಲಿದಿದ್ದಾಳೆ. ರೋಗ ಬಲಿತಿದೆ” ಎಂದನು ವೈದ್ಯ.

“ಮದ್ದು ತಾಗದಿದ್ದರೆ ರೋಗಿಗೆ ಹುಚ್ಚು! ಒಳ್ಳೆಯ ವೈದ್ಯರಪ್ಪಾ!” ಎಂದನು ಅಣ್ಣ. “ಶೆಟ್ಟರೇ, ಇದು ಹುಚ್ಚಲ್ಲ. ನಿಮ್ಮ ಮೇಲಿನ ದೂರು.”

“ತಂಗಿ ಈಗ ನೆನಪಾದಳೇನು? ತೊಟ್ಟಿಲಿಗೆ ಹಾಕುವ ದಿನ ನಿಮ್ಮ ನೆರಳೂ ಕಾಣಲಿಲ್ಲವಲ್ಲ!” ಎಂದನು ವೈದ್ಯ.

ಪಂಡಿತನು ಇಬ್ಬರನ್ನೂ ಸುಮ್ಮನಿರಿಸಿ, ನಡುವಿನಿಂದ ಹೊರಟ ಜೀವವು ಎಲ್ಲೆಯಿಲ್ಲದ ಬಯಲಿಗೆ ಸಲ್ಲುವುದೇ ಇಲ್ಲಿಯ ಗೂಢಾರ್ಥವೆಂದು ವಿವರಿಸಿದನು. ವರ್ತಕನು ಯಾರನ್ನೂ ನಂಬಲಿಲ್ಲ. ಕೌದಿಯನ್ನು ಹೊಗಳಿದ ಪಂಡಿತನನ್ನು ಇನ್ನಷ್ಟು ಶಂಕಿಸಿದನು.

ಆಗ ಮಹಡಿಯಿಂದ ಹೆಂಗಸಿನ ಧ್ವನಿ ಕೇಳಿಸಿತು.

“ಕೂಸು ಅಳುತ್ತಿದೆ. ಯಾರಾದರೂ ಎತ್ತಿಕೊಳ್ಳಿರಿ. ಆ ಕೌದಿಯ ಮೇಲೆ ಮಲಗಿಸಿ ನೋಡಿರಿ. ಅದು ಎಷ್ಟು ಬೆಳೆದಿದೆಯೋ ನಾನು ಕಾಣೆ. ಅಳತೆ ತಿಳಿದರೆ ಅಂಚು ಕಟ್ಟಿಯೇನು.”

ಪಡಸಾಲೆಯ ಪಕ್ಕದ ಕೋಣೆಯ ತೊಟ್ಟಿಲಲ್ಲಿ ಕೂಸು ನಿಜವಾಗಿಯೂ ಅಳುತ್ತಿತ್ತು. ವಾದದ ಭರದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ವರ್ತಕನು ಬೀಗದ ಕೈ ಹಿಡಿದು ಎದ್ದು, ಮೆಟ್ಟಿಲವರೆಗೆ ನಡೆದನು.

“ಕೇಳಿದಿರಾ? ಬಾಗಿಲ ಹಿಂದಿದ್ದೂ ಅವಳಿಗೆ ಧ್ವನಿಗಳು ಕೇಳಿಸುತ್ತಿವೆ” ಎಂದನು ವೈದ್ಯ. ಇದಕ್ಕಿಂತ ಸ್ಪಷ್ಟವಾದ ದೂರು ಬೇಕೇ ಎಂದನು ಅಣ್ಣ. ಕೂಸೆಂದರೆ ಇಲ್ಲಿ ಕೂಸಲ್ಲ ಎಂದು ಪಂಡಿತನು ಆರಂಭಿಸಿದನು.

ವರ್ತಕನು ಮೆಟ್ಟಿಲಿನಿಂದ ಹಿಂದಿರುಗಿ ಬಂದು, ಚರ್ಚೆಯ ಉಳಿದ ಭಾಗವನ್ನು ಕೇಳಲು ಕುಳಿತನು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅಡಿವೆಪ್ಪನು ಕಾದನು. ಕತೆ ಮುಂದುವರಿಯಲಿಲ್ಲ.

“ಕಡೆಗೆ ಬಾಗಿಲು ತೆಗೆದನೇ, ಅಜ್ಜಾರೇ?”

“ಬೀಗದ ಕೈ ನಿನ್ನ ಸೊಂಟದಲ್ಲಿದೆ, ಅಡಿವೆಪ್ಪ, ನನ್ನನ್ನೇಕೆ ಕೇಳುತ್ತೀ?”